ಗಿರಣಿ ಮುಚ್ಚಿದಾಗ ಕಾರ್ಮಿಕರು ಹಣ ಪಡೆಯುವ ಬಗೆ: ರಾಜೀನಾಮೆಗೆ ಮಾತ್ರ ಸಹಿ ಬೇಡ

ನೂಲಿನ ಗಿರಣಿ ಮುಚ್ಚುವ ಸುದ್ದಿ ಹಬ್ಬಿದ ವಾರದಲ್ಲೇ ಒಂದು ಹಾಳೆ ಕೈಗೆ ಬರಬಹುದು: "ಸ್ವಂತ ಕಾರಣಕ್ಕೆ ಕೆಲಸ ಬಿಡುತ್ತಿದ್ದೇನೆ, ಲೆಕ್ಕ ಚುಕ್ತಾ ಆಗಿದೆ." ಇದಕ್ಕೆ ಸಹಿ ಹಾಕಿದರೆ ಮುಚ್ಚುವಿಕೆಯ ಪರಿಹಾರವೂ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ನಿರುದ್ಯೋಗ ಭತ್ಯೆಯೂ ಕೈತಪ್ಪುತ್ತವೆ. ಸಹಿ ಹಾಕಿದರೆ ಗ್ರಾಚ್ಯುಟಿ (ದೀರ್ಘ ಸೇವೆಗೆ ಮಾಲೀಕರು ಕೊಡಬೇಕಾದ ಮೊತ್ತ) ಬೇಗ ಕೊಡುತ್ತೇವೆ ಎಂದರೆ ನಂಬಬೇಡಿ. ಐದು ವರ್ಷ ದುಡಿದವರಿಗೆ ಅದು ಹೇಗೂ ಬರಬೇಕಾದ ಹಣ.

ಮೊದಲು ದಾಖಲೆ ಕೂಡಿಸಿ. ಗೇಟಿಗೆ ಬೀಗ ಬಿದ್ದ ಮೇಲೆ ಮಸ್ಟರ್ (ಹಾಜರಿ) ಪುಸ್ತಕ ನೋಡಲು ಸಿಗುವುದಿಲ್ಲ. ಕಡೆಯ ಮೂರು ತಿಂಗಳ ಪಗಾರ ಚೀಟಿ, ಟೋಕನ್ ನಂಬರ್, ಇಎಸ್‌ಐ ಸಂಖ್ಯೆ, ಯುಎಎನ್ (ಪಿಎಫ್ ಖಾತೆಯ ಸಂಖ್ಯೆ), ನೇಮಕದ ಪತ್ರ, ಮುಚ್ಚುವ ನೋಟಿಸ್ ಎಲ್ಲದರ ಫೋಟೊ ತೆಗೆದಿಡಿ. ಬದಲಿ ಕೆಲಸಗಾರರಿಗೆ ಹಾಜರಿ ಇನ್ನೂ ಮುಖ್ಯ. ವರ್ಷದಲ್ಲಿ 240 ದಿನ ದುಡಿದಿದ್ದರೆ "ನೀನು ಬರೀ ಬದಲಿ" ಎಂದು ತಳ್ಳಿಹಾಕಲು ಬರುವುದಿಲ್ಲ.

ಇನ್ನು ಲೆಕ್ಕ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ತಿಂಗಳಿಗೆ 13,000 ರೂಪಾಯಿ, ಸೇವೆ 18 ವರ್ಷ 7 ತಿಂಗಳು ಅನ್ನೋಣ. 13,000ವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ 7,500. ಆರು ತಿಂಗಳು ದಾಟಿದ ಭಾಗ ಪೂರ್ತಿ ವರ್ಷವಾಗುವುದರಿಂದ 19 ವರ್ಷಕ್ಕೆ ಗ್ರಾಚ್ಯುಟಿ 1,42,500 ರೂಪಾಯಿ. 30 ದಿನದೊಳಗೆ ಕೊಡಬೇಕು, ತಡವಾದರೆ ಬಡ್ಡಿ ಸೇರುತ್ತದೆ.

ಮುಚ್ಚುವಿಕೆಯ ಪರಿಹಾರ ಇದಲ್ಲದೆ ಬೇರೆ: ಪ್ರತಿ ವರ್ಷದ ಸೇವೆಗೆ 15 ದಿನದ ಸರಾಸರಿ ವೇತನ. "ನಷ್ಟವಾಯಿತು, ನೂಲು ಮಾರಾಟವಾಗದೆ ಗೋದಾಮಿನಲ್ಲೇ ಉಳಿಯಿತು, ಅದಕ್ಕೇ ಮೂರು ತಿಂಗಳ ಸಂಬಳ ಸಾಕು" ಎಂದು ಆಡಳಿತ ವಾದಿಸಬಹುದು. ಮಾಲೀಕರ ಕೈಮೀರಿದ ಕಾರಣಕ್ಕೆ ಮುಚ್ಚಿದರೆ ಮಾತ್ರ ಆ ಮಿತಿ ಉಂಟು. ಬರೀ ಹಣದ ಮುಗ್ಗಟ್ಟು, ಮಾರಾಟವಾಗದ ಸರಕು ಕೈಮೀರಿದ ಕಾರಣಗಳಲ್ಲ ಎಂದು ಕಾನೂನೇ ಬಿಡಿಸಿ ಹೇಳಿದೆ. ಕಾರ್ಮಿಕ ಇಲಾಖೆಗೆ ಬರೆಯುವ ದೂರಿನಲ್ಲಿ ಈ ಅಂಶ ತಪ್ಪದೆ ಇರಲಿ.

ಹಳೆಯ ಕಾರ್ಮಿಕರು ಇಂದಿಗೂ ಜವಳಿ ಕಾರ್ಮಿಕರ ಪುನರ್ವಸತಿ ನಿಧಿಯನ್ನು ಕೇಳುತ್ತಾರೆ. 1986ರಲ್ಲಿ ಬಂದ ಆ ಯೋಜನೆ ಮೊದಲ ವರ್ಷ ವೇತನದ ಶೇ. 75, ಎರಡನೇ ವರ್ಷ 50, ಮೂರನೇ ವರ್ಷ 25ರಷ್ಟು ಕೊಡುತ್ತಿತ್ತು. 2017ರ ಏಪ್ರಿಲ್‌ನಲ್ಲಿ ಅದು ಇಎಸ್‌ಐ ನಿಗಮದ ರಾಜೀವ್ ಗಾಂಧಿ ಶ್ರಮಿಕ್ ಕಲ್ಯಾಣ್ ಯೋಜನೆಯಲ್ಲಿ ವಿಲೀನವಾಯಿತು. ಅದಕ್ಕಾಗಿ ಅಲೆಯದೆ ನೇರವಾಗಿ ಇಎಸ್‌ಐ ಶಾಖಾ ಕಚೇರಿಗೆ ಹೋಗಿ. ಇಲ್ಲಿ ಮೊದಲ 12 ತಿಂಗಳು ಸರಾಸರಿ ವೇತನದ ಶೇ. 50, ಮುಂದಿನ 12 ತಿಂಗಳು ಶೇ. 25 ಸಿಗುತ್ತದೆ. ಆ ಅವಧಿಗೆ ಕುಟುಂಬದ ಚಿಕಿತ್ಸೆಯೂ ನಿಲ್ಲುವುದಿಲ್ಲ. ಡಯಾಲಿಸಿಸ್, ಸಕ್ಕರೆ ಕಾಯಿಲೆಯವರಿರುವ ಮನೆಗೆ ಇದೇ ದೊಡ್ಡ ಆಸರೆ.

ಅರ್ಜಿ ಎಡವುವುದು ಒಂದೇ ಒಂದು ಕಾಲಮ್ಮಿನಲ್ಲಿ. ಮಾಸಿಕ ಇಎಸ್‌ಐ ವಂತಿಗೆ ತುಂಬುವಾಗ ಗುಮಾಸ್ತರು "ಉದ್ಯೋಗ ಕಡಿತ" (ರಿಟ್ರೆಂಚ್‌ಮೆಂಟ್) ಎಂದಲ್ಲ, "ಸೇವೆ ತೊರೆದರು" ಎಂಬ ಕಾರಣ ಆರಿಸಿದರೆ ಸ್ವಂತ ಇಚ್ಛೆಯಿಂದ ಬಿಟ್ಟಂತಾಗುತ್ತದೆ. ಕಚೇರಿ ತೆರೆದಿರುವಾಗಲೇ ನಿಮ್ಮ ಹೆಸರಿನ ಮುಂದೆ ಏನಿದೆ ನೋಡಿ, ತಪ್ಪಿದ್ದರೆ ಬರವಣಿಗೆಯಲ್ಲಿ ತಿದ್ದಿಸಿ, ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿ.

ಪಿಎಫ್‌ನಲ್ಲಿ ಮಾಲೀಕರು ಕೆಲಸ ಬಿಟ್ಟ ದಿನಾಂಕ ತುಂಬದೆ ಹೋದರೆ, ಕಡೆಯ ವಂತಿಗೆಯಾಗಿ ಎರಡು ತಿಂಗಳ ಬಳಿಕ ಯುಎಎನ್ ಪೋರ್ಟಲ್‌ನಲ್ಲಿ ನೀವೇ ತುಂಬಬಹುದು. ಆಧಾರ್‌ಗೆ ಜೋಡಿಸಿದ ಮೊಬೈಲ್ ಹತ್ತಿರವಿರಲಿ. ಒಮ್ಮೆ ಒತ್ತಿದ ದಿನಾಂಕ ಮತ್ತೆ ತಿದ್ದಲು ಬರದು, ನೋಡಿ ತುಂಬಿ.

ಬೆಂಗಳೂರಿನ ಮಿನರ್ವ ಮಿಲ್ಸ್‌ನಂತೆ ಸರ್ಕಾರವೇ ವಹಿಸಿಕೊಳ್ಳುತ್ತದೆಂದು ಕಾಯುತ್ತ ಕೂರಬೇಡಿ. ಅದು 1970ರ ದಶಕದ ಮಾತು. ನಷ್ಟದ ಕಂಪನಿಗಳ ಪುನಶ್ಚೇತನ ನೋಡುತ್ತಿದ್ದ ರೋಗಗ್ರಸ್ತ ಉದ್ಯಮಗಳ ಮಂಡಳಿಯೂ (ಬಿಐಎಫ್‌ಆರ್) 2016ರಲ್ಲಿ ಮುಚ್ಚಿತು. ಈಗ ದಿವಾಳಿ ಪ್ರಕರಣ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಗೆ ಹೋದರೆ ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ. ಒಬ್ಬೊಬ್ಬರೇ ಆದರೆ ಫಾರಂ ಡಿ, ಎಲ್ಲರ ಪರವಾಗಿ ಒಬ್ಬ ಪ್ರತಿನಿಧಿಯಾದರೆ ಫಾರಂ ಇ ತುಂಬಿ, ಪ್ರಕಟಣೆಯಲ್ಲಿರುವ ಕಡೆಯ ದಿನದೊಳಗೆ ಬಾಕಿ ಕೇಳಿ. ಗಿರಣಿ ಹರಾಜಿಗೆ ಬಂದರೆ ಹಿಂದಿನ 24 ತಿಂಗಳ ಕಾರ್ಮಿಕರ ಬಾಕಿಗೆ, ಅಡಮಾನವಿಟ್ಟುಕೊಂಡ ಬ್ಯಾಂಕಿನಷ್ಟೇ ಹಕ್ಕಿದೆ. ಪಟ್ಟಿಯಲ್ಲಿ ಪ್ರತಿಯೊಬ್ಬರ ಹೆಸರು ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ಕಿನಲ್ಲಿರುವಂತೆಯೇ ಇರಲಿ, ಜೊತೆಗೆ ಟೋಕನ್ ನಂಬರ್ ಬರೆಯಿರಿ: ಒಂದೇ ಇನಿಷಿಯಲ್ಲಿನ ಇಬ್ಬರು ಮಂಜುನಾಥರಿದ್ದರೆ ಹಣ ಸಿಕ್ಕಿಕೊಳ್ಳುವುದು ಅಲ್ಲೇ.