ಐದು ರೌಂಡ್, ಒಂದೇ ರಾತ್ರಿ: ಕ್ಲಬ್ ಚಾಂಪಿಯನ್‌ಷಿಪ್ ಮುಗಿಸಿದ ನನ್ನ ಅನುಭವ

"ಒಂದೇ ರಾತ್ರಿಯಲ್ಲಿ ಚಾಂಪಿಯನ್‌ಷಿಪ್ಪಾ? ಅದು ಬ್ಲಿಟ್ಜ್ ಆಗುತ್ತೆ ಸಾರ್, ಚೆಸ್ ಆಗಲ್ಲ" ಅಂದಿದ್ದರು ನಮ್ಮ ಕ್ಲಬ್ಬಿನ ಹಿರಿಯರು. ಬ್ಲಿಟ್ಜ್ ಅಂದರೆ ಕೆಲವೇ ನಿಮಿಷದಲ್ಲಿ ಮುಗಿಯುವ ಮಿಂಚಿನ ಆಟ. ಮೊನ್ನೆ 22 ಜನ, 11 ಬೋರ್ಡ್, ಐದು ರೌಂಡ್. ಆರೂಮುಕ್ಕಾಲಿಗೆ ಶುರು, ಹತ್ತರೊಳಗೆ ಬಹುಮಾನವೂ ಕೊಟ್ಟಾಗಿತ್ತು.

ಇದು ನನ್ನ ನಾಲ್ಕನೇ ಪ್ರಯತ್ನ. ಮೊದಲ ಸಲ ಎಲ್ಲರೂ ಎಲ್ಲರ ಜೊತೆ ಆಡಲಿ ಅಂತ ಹೊರಟೆ. 12 ಜನಕ್ಕೆ 66 ಆಟ. ಎರಡು ತಿಂಗಳಾದರೂ 40 ದಾಟಲಿಲ್ಲ. ಎರಡು ಸೋತವರು ಆಮೇಲೆ ಫೋನೇ ಎತ್ತಲಿಲ್ಲ. ಮುಂದಿನ ಸಲ ನಾಕೌಟ್. ಮೊದಲ ರೌಂಡಿಗೇ ಅರ್ಧ ಜನ ಮನೆಗೆ ಹೋದರು, ಹಾಲ್ ಬಿಕೋ ಅನ್ನಿಸಿತು.

ಮೂರನೇ ಸಲ ಸ್ವಿಸ್ ಹಿಡಿದೆ, ಅಂದರೆ ಯಾರೂ ಹೊರಬೀಳಲ್ಲ, ಪ್ರತಿ ರೌಂಡಿಗೂ ಹತ್ತಿರದ ಪಾಯಿಂಟ್ ಇರುವವರಿಗೇ ಜೋಡಿ. ಆದರೆ ಟೈಮ್ 15+10 ಇಟ್ಟೆ, ತಲಾ 15 ನಿಮಿಷ, ಪ್ರತಿ ನಡೆಗೂ 10 ಸೆಕೆಂಡ್ ಇನ್‌ಕ್ರಿಮೆಂಟ್. 60 ನಡೆಯ ಆಟಕ್ಕೆ ಇಬ್ಬರದೂ ಸೇರಿ 50 ನಿಮಿಷ. ರೌಂಡ್ ನಡುವೆ ಯಾರಿಗೆ ಯಾರು ಅಂತ ಜೋಡಿಸುವ ಪೇರಿಂಗ್‌ಗೆ ಇಪ್ಪತ್ತು ನಿಮಿಷ ಬೇರೆ. ಮಧ್ಯರಾತ್ರಿ ದಾಟಿತು. ಸಾಲದ್ದಕ್ಕೆ ಕ್ಲಬ್ಬಿನಲ್ಲಿ ಇದ್ದದ್ದು ಆರೇ ಕ್ಲಾಕ್, ಉಳಿದ ಬೋರ್ಡ್‌ಗೆ ಮೊಬೈಲ್ ಆ್ಯಪ್. ಆಟ ಬಿಸಿಯಾಗಿರುವಾಗ ಒಂದು ಫೋನಿಗೆ ಕರೆ ಬಂದು ಟೈಮ್ ನಿಂತೇಹೋಯಿತು. ಆಟದ ನಡುವೆ ಫೋನ್ ಸದ್ದು ಮಾಡಿದರೆ ಸೋಲು ಅನ್ನೋದು ನಿಯಮ. ಇಲ್ಲಿ ಫೋನೇ ಕ್ಲಾಕು, ಯಾರನ್ನು ಸೋಲಿಸಲಿ?

ಈ ಸಲ ಟ್ರೋಫಿ ದುಡ್ಡಿನಲ್ಲಿ ಐದು ಹಳೆಯ ಡಿಜಿಟಲ್ ಕ್ಲಾಕ್ ಕೊಂಡೆ. ಸಾಲದೆ ಬಂದದ್ದು ನನ್ನ ಜೇಬಿನಿಂದ ಹೋಯಿತು, ಮನೆಯಲ್ಲಿ ಇನ್ನೂ ಹೇಳಿಲ್ಲ. ಗೆದ್ದವರಿಗೆ ಸರ್ಟಿಫಿಕೇಟ್ ಅಷ್ಟೇ. ಒಂದಿಷ್ಟು ಗೊಣಗಾಟ ಆಯಿತು, ಆಗಲಿ.

ಟೈಮ್ 10+5. ವಿಶ್ವ ಚೆಸ್ ಒಕ್ಕೂಟ ಫಿಡೆಯ ಲೆಕ್ಕದಂತೆ 60 ನಡೆಗೆ ಒಬ್ಬರಿಗೆ 15 ನಿಮಿಷ. ಬ್ಲಿಟ್ಜ್ ಮಿತಿ ಹತ್ತು ನಿಮಿಷ, ಅದು ದಾಟಿತಲ್ಲ, ಹಾಗಾಗಿ ಇದು ರ‍್ಯಾಪಿಡ್, ಬ್ಲಿಟ್ಜ್ ಅಲ್ಲ. ಹಿರಿಯರಿಗೆ ಇದನ್ನೇ ತೋರಿಸಿ ಬಾಯಿ ಮುಚ್ಚಿಸಿದೆ. ಸುಮ್ನೆ 15 ನಿಮಿಷ ಕೊಟ್ಟು ಇನ್‌ಕ್ರಿಮೆಂಟ್ ಇಲ್ಲದೆ ಆಡಿಸಬಹುದಿತ್ತು. ಆದರೆ ಕೊನೆಯಲ್ಲಿ ಕಾಯಿ ಬೀಳಿಸಿಕೊಂಡು ಕ್ಲಾಕ್ ಒತ್ತುವ ಜಗಳ ಬಿಡಿಸೋರು ಯಾರು?

ನಿಜವಾಗಿ ಟೈಮ್ ಉಳಿಸಿದ್ದು ಪೇರಿಂಗ್. ಲ್ಯಾಪ್‌ಟಾಪ್ ಬಿಟ್ಟು ಕಾರ್ಡ್ ಹಿಡಿದೆ. ಒಬ್ಬರಿಗೊಂದು ಕಾರ್ಡ್, ಅದರಲ್ಲಿ ಪಾಯಿಂಟ್, ಬಣ್ಣ, ಯಾರ ಜೊತೆ ಆಡಿದ್ದಾರೆ ಅನ್ನೋದು. ಆಟ ಮುಗಿದ ಕೂಡಲೇ ಕಾರ್ಡ್ ನನ್ನ ಮೇಜಿಗೆ. ಕೊನೆಯ ಆಟ ಇನ್ನೂ ನಡೆಯುತ್ತಿರುವಾಗಲೇ ಮುಂದಿನ ರೌಂಡಿಗೆ ಮೂರು ಜೋಡಣೆ ಬರೆದಿಡುತ್ತೇನೆ. ಬಿಳಿ ಗೆದ್ದರೆ ಒಂದು, ಕಪ್ಪು ಗೆದ್ದರೆ ಒಂದು, ಡ್ರಾ ಆದರೆ ಇನ್ನೊಂದು. ಇಪ್ಪತ್ತು ನಿಮಿಷದ ಅಂತರ ಐದಕ್ಕೆ ಇಳಿಯಿತು. ಬಿಳಿ-ಕಪ್ಪಿನ ಸರದಿ ಕೆಡದ ಹಾಗೆ ಕಾರ್ಡ್ ಜೋಡಿಸುವ ಕ್ರಮ ಒಂದಿದೆ. ಅದನ್ನು ಹೇಳಲ್ಲ, ನೀವೇ ನಾಲ್ಕು ಸಲ ಕೈ ಸುಟ್ಟುಕೊಳ್ಳಿ.

ನಾಲ್ಕನೇ ರೌಂಡಿನಲ್ಲಿ ಇದಕ್ಕೆ ಪರೀಕ್ಷೆ ಬಂತು. ಎರಡನೇ ಬೋರ್ಡಿನಲ್ಲಿ ಬಿಳಿಗೆ ಆನೆ-ಒಂಟೆ, ಕಪ್ಪಿಗೆ ಬರೀ ಆನೆ. ಪಾನ್ (ಕಾಲಾಳು) ಒಂದೂ ಇಲ್ಲ. ಕಪ್ಪಿನವರು "ಡ್ರಾ ಕೊಡಿಸಿ ಸಾರ್" ಅಂದರು. ಕಾಯಿ ಹೊಡೆಯದೆ, ಪಾನ್ ಸರಿಸದೆ ಇಬ್ಬರೂ 50 ನಡೆ ಆಡಿದ್ದರೆ ಡ್ರಾ ಕೇಳಬಹುದು. ರ‍್ಯಾಪಿಡ್‌ನಲ್ಲಿ ಯಾರೂ ನಡೆ ಬರೆಯುತ್ತಿರಲ್ಲ, 50 ನಡೆ ಆಯಿತು ಅಂತ ಹೇಗೆ ಒಪ್ಪೋದು? "ಈಗಿನಿಂದ ನಾನು ಎಣಿಸ್ತೀನಿ" ಅಂದು ಕಾಗದದ ಮೇಲೆ ಗೀಟು ಹಾಕುತ್ತಾ ನಿಂತೆ. ಇಬ್ಬರ ಕ್ಲಾಕಿನಲ್ಲೂ ಎಂಟು ಸೆಕೆಂಡ್, ಆರು ಸೆಕೆಂಡ್, ಮತ್ತೆ ಹತ್ತು. ಸುತ್ತ ಹದಿನೈದು ಜನ ಉಸಿರು ಬಿಗಿಹಿಡಿದು ನಿಂತಿದ್ದರು. ಕಪ್ಪಿನ ರಾಜ ಅಂಚಿಗೆ ಹೋಗಿತ್ತು. ಆದರೂ ಆ ಮನುಷ್ಯ ಆನೆಯಿಂದ ದೂರದಲ್ಲೇ ಚೆಕ್ ಕೊಡುತ್ತಾ ಹೇಗೋ ತಳ್ಳುತ್ತಿದ್ದರು. ನನ್ನ 41ನೇ ಗೀಟಿಗೆ ಅವರ ಕೈ ಒಂದು ಮನೆ ಹೆಚ್ಚು ಜಾರಿತು. ಒಂಟೆ ಆನೆಯನ್ನು ಹೊಡೆಯಿತು. ಆ ಆಟ ಒಟ್ಟು 37 ನಿಮಿಷ ಇರಬೇಕು. ಅವರಿಬ್ಬರೂ ಕೈ ಕುಲುಕಿ ಏಳುವಷ್ಟರಲ್ಲಿ ಐದನೇ ರೌಂಡಿನ ಪೇರಿಂಗ್ ಗೋಡೆಯ ಮೇಲಿತ್ತು!

ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ಬೇಗ ಮುಗಿಸಿದವರಿಗೆ ಪಕ್ಕದ ಕೋಣೆಯಲ್ಲಿ ಚೆಸ್960 ಇಟ್ಟೆ, ಅಂದರೆ ಹಿಂದಿನ ಸಾಲಿನ ಕಾಯಿಗಳನ್ನು ಕಲೆಸಿಟ್ಟು ಶುರುಮಾಡುವ ಚೆಸ್. ಹಾಲಿನ ಗಲಾಟೆ ಕಡಿಮೆಯಾಗಲಿ ಅನ್ನೋದು ಉದ್ದೇಶ. ರಾಜ-ಆನೆಯನ್ನು ಒಂದೇ ನಡೆಯಲ್ಲಿ ಸರಿಸುವ ಕ್ಯಾಸ್ಲಿಂಗ್ ಇದರಲ್ಲಿ ಹೇಗೆ ಅಂತ ಶುರುವಾದ ವಾದ ಹಾಲಿಗೇ ಕೇಳಿಸಿತು. ಅದನ್ನು ಮುಂದಿನ ಸಲ ಕೈಬಿಡುತ್ತೇನೆ.

ಕೊನೆಗೆ ಇಬ್ಬರು ನಾಲ್ಕೂವರೆಯಲ್ಲಿ ಸಮ. ಅವರವರ ನಡುವಿನ ಆಟವೂ ಡ್ರಾ. ಬುಖೋಲ್ಜ್ ಎಣಿಸಿದರೆ, ಅಂದರೆ ಎದುರಾಳಿಗಳ ಪಾಯಿಂಟ್ ಕೂಡಿಸಿದರೆ, 15 ಮತ್ತು 14.5. ಅರ್ಧ ಪಾಯಿಂಟಿನಲ್ಲಿ ಸೋತವರು ಮೂರು ಸಲ ಕೂಡಿಸಿ ನೋಡಿದರು. ಆರ್ಮಗೆಡನ್ (ಡ್ರಾ ಆದರೆ ಕಪ್ಪೇ ಗೆದ್ದಂತೆ ಅನ್ನೋ ನಿರ್ಣಾಯಕ ಆಟ) ಆಡಿಸಿ ಅಂದರು. ನಿಯಮ ಮೊದಲೇ ಗೋಡೆಗೆ ಅಂಟಿಸಿದ್ದೆ, ಅದನ್ನು ತೋರಿಸಿದೆ.

ಕ್ಲಾಕ್ ಎಣಿಸಿದರೆ ಹತ್ತೇ ಇದ್ದವು. ಹನ್ನೊಂದನೆಯದು ಹೊರಗೆ ಮೆಟ್ಟಿಲ ಮೇಲಿತ್ತು. "ಇದು ಚೆಸ್ ಅಲ್ಲ" ಅಂದಿದ್ದ ಹಿರಿಯರೇ 3+2 ಬ್ಲಿಟ್ಜ್ ಆಡುತ್ತಾ ಕೂತಿದ್ದರು.