ಕೊಡಗಿನ ಕೆಸರಿನಲ್ಲಿ ಹಳೆಯ ಪರಾಗ ಹುಡುಕಿದ್ದು

"ಸರ್, ನಮ್ಮ ಕಡೆ ಡೈನೋಸಾರ್ ಮೂಳೆ ಸಿಗಲ್ವಾ?" ಬಾಟನಿ ಪಾಠ ಮಾಡುವಾಗ ಪ್ರತಿ ಬ್ಯಾಚಿನಲ್ಲೂ ಒಬ್ಬರಾದರೂ ಕೇಳುತ್ತಾರೆ. ಸಿಗಲ್ಲ. ಕೊಡಗಿನ ಬಂಡೆಗಳು ಹೆಚ್ಚುಕಡಿಮೆ 300 ಕೋಟಿ ವರ್ಷ ಹಳೆಯವು, ಭೂಮಿಯ ಆಳದಲ್ಲಿ ಬೆಂದು ಮೇಲೆ ಬಂದವು. ಮಣ್ಣೋ ಹುಳಿ, ಮಳೆಯೂ ಜಾಸ್ತಿ. ಹೂತ ಮೂಳೆಯೇ ಉಳಿಯುವುದು ಕಷ್ಟ. ಹಾಗಾಗಿ ನಾನು ಕಲ್ಲು ಬಿಟ್ಟು, ಹಿಂದೆ ಇಲ್ಲಿದ್ದ ಗಿಡಮರಗಳ ಪರಾಗ ಹುಡುಕಲು ಕೆಸರಿಗೆ ಇಳಿದೆ.

ಪರಾಗದ ಹೊರಕವಚ ಸ್ಪೋರೋಪೊಲೆನಿನ್ ಎಂಬ ವಸ್ತುವಿನದು. ಆಸಿಡ್‌ಗೂ ಸುಲಭಕ್ಕೆ ಜಗ್ಗುವುದಿಲ್ಲ. ಅದನ್ನು ಹಾಳು ಮಾಡುವುದು ಗಾಳಿ. ನೆಲ ಒಣಗಿ ನೆನೆದು ಮಾಡುತ್ತಿದ್ದರೆ ಪರಾಗ ಸವೆದುಹೋಗುತ್ತದೆ. ವರ್ಷವಿಡೀ ನೀರು ನಿಂತ ಕಡೆ ಸಾವಿರಾರು ವರ್ಷ ಇರುತ್ತದೆ. ಕೊಡಗಿನ ಕೆಸರಿನ ಪರಾಗ ನೋಡಿಯೇ ಸಂಶೋಧಕರು ಇಲ್ಲಿನ ಕಾಡಿನ 7500 ವರ್ಷಗಳ ಏರಿಳಿತವನ್ನು 2012ರಲ್ಲಿ ಪ್ರಕಟಿಸಿದರು.

ಜಾಗ ಆರಿಸುವುದರಲ್ಲೇ ಅರ್ಧ ಕೆಲಸ. ಉಳುವ ಗದ್ದೆ ಬೇಡ, ನೇಗಿಲು ಪದರಗಳನ್ನು ಕಲಸಿರುತ್ತದೆ. ದೇವರಕಾಡಿನ ಜೌಗು ಚೆನ್ನಾಗಿಯೇ ಇರುತ್ತದೆ, ಆದರೆ ದೇವತಕ್ಕರನ್ನೂ (ಊರ ದೇವಸ್ಥಾನದ ಮುಖ್ಯಸ್ಥರು) ಅರಣ್ಯ ಇಲಾಖೆಯನ್ನೂ ಕೇಳದೆ ಅಲ್ಲಿ ಗುದ್ದಲಿ ಹಾಕಬಾರದು. ನಾನು ತೋಟದ ಕೆಳಗೆ, ಕಾಲಿಟ್ಟರೆ ಮೊಣಕಾಲವರೆಗೆ ಹೂತುಹೋಗುವ ಮೂಲೆ ಹಿಡಿದೆ. ಕಪ್ಪು ಕೆಸರು, ಕೊಳೆತ ಮೊಟ್ಟೆಯ ವಾಸನೆ. ಮೂಗು ಮುಚ್ಚಿಕೊಳ್ಳಬೇಕು, ಆದರೆ ಒಳಗೆ ಗಾಳಿ ಆಡಿಲ್ಲ ಅನ್ನೋದಕ್ಕೆ ಅದೇ ಗುರುತು.

ಕೆಸರಿನ ಪದರಗಳನ್ನು ಕಲಸದೆ ಮೇಲೆತ್ತಲೆಂದೇ ರಷ್ಯನ್ ಕೋರರ್ ಅಂತ ಸಲಕರಣೆ ಇದೆ. ನನ್ನ ಹತ್ತಿರ ಇದ್ದದ್ದು ಪಿವಿಸಿ ಪೈಪು. ತುದಿಯನ್ನು ಚೂಪಾಗಿ ಉಜ್ಜಿ, ಮೇಲೆ ಮರದ ತುಂಡಿಟ್ಟು ಸುತ್ತಿಗೆಯಿಂದ ಇಳಿಸಿದೆ. ಎಳೆಯುವ ಮುಂಚೆ ಮೇಲಿನ ಬಾಯಿಗೆ ನೀರು ತುಂಬಿ ಕ್ಯಾಪ್ ಬಿಗಿದೆ. ಇಲ್ಲದಿದ್ದರೆ ಕೆಸರು ಜಾರಿ ಕೆಳಗೇ ಉಳಿಯುತ್ತದೆ. ಈ ಕೆಲಸ ಹೂಮಳೆಗೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಮುಂಚೆ ಮುಗಿಸಿದರೆ ಒಳ್ಳೆಯದು, ಆಗ ಜೌಗಿನಲ್ಲಿ ನೀರು ಕಡಿಮೆ.

ಪೈಪನ್ನು ಉದ್ದಕ್ಕೆ ಸೀಳಿ, ನಡುವಿನಿಂದ ಮಾತ್ರ ಚಮಚದಷ್ಟು ತೆಗೆಯಬೇಕು. ಅಂಚಿನ ಕೆಸರು ಮೇಲಿನಿಂದ ಕೆಳಗೆ ಸವರಿಕೊಂಡು ಬಂದಿರುತ್ತದೆ. ಲ್ಯಾಬಿನಲ್ಲಿ ಕೊಳೆತ ಕಸ ಬಿಡಿಸಲು ಶೇ. 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ ಬಿಸಿನೀರಿನಲ್ಲಿ ಇಟ್ಟೆ, ಸೋಸಿದೆ, ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಜೋರಾಗಿ ತಿರುಗಿಸಿ ಪರಾಗವನ್ನು ತಳಕ್ಕೆ ಇಳಿಸಿದೆ. ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಮರಳಿನ ಕಣ ಕರಗಿಸಲು ಹೈಡ್ರೋಫ್ಲೋರಿಕ್ ಆಸಿಡ್ ಬಳಸುವವರಿದ್ದಾರೆ. ಅದು ಚರ್ಮದೊಳಕ್ಕೆ ಇಳಿದು ಮೂಳೆಗೂ ತಟ್ಟುತ್ತದೆ, ನಾನು ಮುಟ್ಟಲಿಲ್ಲ. ಸ್ಲೈಡ್ ಸ್ವಲ್ಪ ಕೊಳೆಯಾಗಿ ಕಂಡರೆ ಕಾಣಲಿ.

ಗ್ಲಿಸರಿನ್ ಹನಿಯಲ್ಲಿ 400 ಪಟ್ಟು ದೊಡ್ಡದು ಮಾಡಿ ನೋಡಿದೆ. ಮೊದಲು ಕಂಡದ್ದು ಹುಲ್ಲಿನ ಪರಾಗ: ದುಂಡಗೆ, ಒಂದೇ ರಂಧ್ರ, ರಂಧ್ರದ ಸುತ್ತ ಉಂಗುರದಂಥ ಅಂಚು. ಭತ್ತವೂ ಹುಲ್ಲೇ ಅಲ್ವಾ, ಆದ್ದರಿಂದ ಇಷ್ಟಕ್ಕೇ ಇಲ್ಲಿ ಗದ್ದೆ ಇತ್ತು ಅನ್ನಲಾಗದು. ಮೇಲಿನ ಪದರದಲ್ಲಿ ಮೂರು ಮೂಲೆಯ ಪರಾಗದ ಕಾಳುಗಳಿದ್ದವು, ಸಿಲ್ವರ್ ಓಕ್‌ದು. ಆಸ್ಟ್ರೇಲಿಯಾದ ಮರ. ಕಾಫಿಗೆ ನೆರಳಿಗೆಂದು ಇಲ್ಲಿ ನೆಟ್ಟದ್ದು. ಅದು ಸಿಕ್ಕ ಪದರ ತೋಟಗಳ ಕಾಲದ್ದು ಅಂತ ಧೈರ್ಯವಾಗಿ ಹೇಳಬಹುದು. ಕಾಫಿಯ ಪರಾಗ ಮಾತ್ರ ಕಾಣಲಿಲ್ಲ. ಸುತ್ತಲೂ ತೋಟವಿದ್ದರೂ ಹೀಗೆ! ಆಳದಲ್ಲಿ ಸಿಲ್ವರ್ ಓಕ್ ಇಲ್ಲ, ಜರೀಗಿಡಗಳ ಬೀಜಕಣಗಳೇ ಜಾಸ್ತಿ.

ಸರಿಯಾದ ವಯಸ್ಸು ಬೇಕಾದರೆ ಕಾರ್ಬನ್ ಡೇಟಿಂಗ್ ಮಾಡಿಸಬೇಕು. ಅದು ಸುಮಾರು 50,000 ವರ್ಷದವರೆಗೆ ಹೇಳುತ್ತದೆ. ಖರ್ಚಿನ ಬಾಬ್ತು, ಅದಕ್ಕೇ ಸೀಳಿದ ಪೈಪಿನ ಇನ್ನರ್ಧವನ್ನು ಮುಟ್ಟದೆ ಪ್ಲಾಸ್ಟಿಕ್ ಸುತ್ತಿ ಫ್ರಿಜ್ಜಿನಲ್ಲಿಟ್ಟಿದ್ದೇನೆ, ಫ್ರೀಜರಿನಲ್ಲಲ್ಲ. ಯಾವುದು ಮೇಲು, ಯಾವುದು ಕೆಳಗು ಅಂತ ಪೆನ್ಸಿಲಿನಲ್ಲೇ ಬರೆಯಿರಿ. ಪೆನ್ನಿನ ಶಾಯಿ ತೇವಕ್ಕೆ ಹರಡಿಬಿಡುತ್ತದೆ.