ನಿಮ್ಮ ವಾರ್ಡಿಗೆ ಏನು ಕೇಳಬೇಕು?

ಪುಣೆ ಪಾಲಿಕೆಯ ಬಜೆಟ್‌ಗೆ ನಾಗರಿಕರೂ ಕೆಲಸ ಸೂಚಿಸಬಹುದು. ಸುಮ್ನೆ "ರಸ್ತೆ ಮಾಡಿ" ಅಂತ ಬರೆಯಬೇಡಿ. ಮೊದಲು ಜನಗಣತಿಯ ವಾರ್ಡ್ ಪಟ್ಟಿಯಲ್ಲಿ 0-6 ವಯಸ್ಸಿನ ಮಕ್ಕಳೆಷ್ಟು ನೋಡಿ. ಜಾಸ್ತಿ ಇದ್ದರೆ ಅಂಗನವಾಡಿ, ಆಟದ ಜಾಗ ಕೇಳಿ.

ಆದರೆ 2011ರ ಪಟ್ಟಿ ಹಳೆಯದಾಯಿತು, ಆಮೇಲೆ 2017ರಲ್ಲಿ 11, 2021ರಲ್ಲಿ 23 ಹಳ್ಳಿಗಳನ್ನು ಪಾಲಿಕೆಗೆ ಸೇರಿಸಿದರು. ಹಾಗಾಗಿ ಮತದಾರರ ಪಟ್ಟಿಯನ್ನೂ ತಿರುವಿ ಹಾಕಿ, ಅದರಲ್ಲಿ ವಯಸ್ಸು ಇರುತ್ತದೆ. ಹಿರಿಯರು ಜಾಸ್ತಿಯಿದ್ದರೆ ಫ್ಲೈಓವರ್‌ಗಿಂತ ಸಮತಟ್ಟಾದ ಫುಟ್‌ಪಾತ್ ಮುಖ್ಯ, ಅಲ್ವಾ?

ರಾತ್ರಿ ಮಲಗುವವರನ್ನಷ್ಟೇ ಎಣಿಸಬೇಡಿ. 2001-2011ರಲ್ಲಿ ಮುಂಬೈ ನಗರ ಜಿಲ್ಲೆಯ ಜನಸಂಖ್ಯೆ ಇಳಿಯಿತು, ಉಪನಗರದ್ದು ಏರಿತು. ಆದರೂ ಬೆಳಗಿನ ಲೋಕಲ್ ರೈಲುಗಳು ದಕ್ಷಿಣಕ್ಕೇ, ಅಂದರೆ ಆ ನಗರ ಜಿಲ್ಲೆಯ ಕಡೆಗೇ, ತುಂಬಿಕೊಂಡು ಹೋಗುತ್ತವೆ. ನಿಮ್ಮಲ್ಲೂ ಹಗಲು ಬಂದು ಹೋಗುವವರಿದ್ದರೆ ಶೌಚಾಲಯ, ಬಸ್ ನಿಲ್ದಾಣಗಳನ್ನು ಅರ್ಜಿಯಲ್ಲಿ ಮೊದಲು ಬರೆಯಿರಿ.